ಅಂತ್ಯಸಂಸ್ಕಾರದ ಖರ್ಚು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆ

ಮನೆಯಲ್ಲಿ ಒಬ್ಬರು ತೀರಿಕೊಂಡ ಗಳಿಗೆಯಿಂದ ದಿವಸದ ಊಟದ ಕಡೆಯ ಪಂಕ್ತಿ ಏಳುವವರೆಗೆ ಆ ಕುಟುಂಬದ ಮೇಲೆ ಬೀಳುವ ಹಣ, ದವಸ ಮತ್ತು ದುಡಿಮೆಯ ಹೊರೆ. 2014ರ ನವೆಂಬರ್ 1ರವರೆಗೆ ಬಿಜಾಪುರ ಎನಿಸಿಕೊಂಡಿದ್ದ ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಈ ಹೊರೆ ಎಲ್ಲಿಂದ ಬರುತ್ತದೆ, ಯಾರ ಹೆಗಲೇರುತ್ತದೆ, ಹೇಗೆ ಇಳಿಯುತ್ತದೆ ಎಂಬುದು ಇಲ್ಲಿಯ ವಿಷಯ. ಚಡಚಣ, ದೇವರಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಈಚೆಗೆ ಇವುಗಳಿಂದಲೇ ಒಡೆದು ಹೊಸ ತಾಲ್ಲೂಕುಗಳಾಗಿವೆ. ರೂಢಿಯಲ್ಲಿ ಬೇರೆಯಾಗಿಲ್ಲವಾದ್ದರಿಂದ ಅವನ್ನೂ ಸೇರಿಸಿ ಹೇಳಿದೆ.

ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಬಹುಪಾಲು ಎರೆಭೂಮಿ, ಜೋಳ, ತೊಗರಿ, ಕಡಲೆ, ನೀರು ಸಿಕ್ಕಲ್ಲಿ ಕಬ್ಬು ಮತ್ತು ಲಿಂಬೆ. ಸಾವಿನ ಮನೆಗೆ ಹೋಗುವುದಕ್ಕೆ ಇಲ್ಲಿಯ ಮಾತು ‘ಮಣ್ಣಿಗೆ ಹೋಗುವುದು’. ‘ಮಣ್ಣು ಎಷ್ಟೊತ್ತಿಗೆ?’ ಎಂದು ಕೇಳಿದರೆ ಶವಸಂಸ್ಕಾರ ಎಷ್ಟು ಹೊತ್ತಿಗೆ ಎಂದೇ ಅರ್ಥ. ಹೂಳುವುದು ಇಲ್ಲಿ ಬಹುಜನರ ಪದ್ಧತಿ ಎಂಬುದಕ್ಕೆ ಈ ಮಾತೇ ಸಾಕ್ಷಿ. ಲಿಂಗಾಯತರ ಆಚಾರ, ಮುಸಲ್ಮಾನರ ಆಚಾರ ಎರಡೂ ಹೂಳುವುದನ್ನೇ ಹೇಳುತ್ತವೆ. ಬೇರೆ ಅನೇಕ ಸಮುದಾಯಗಳೂ ಹೂಳುತ್ತವೆ. ಇದರ ಹಿಂದೆ ನೆಲದ ಲೆಕ್ಕವೂ ಇದೆ. ಶವ ಸುಡಲು ಮೂರ್ನಾಲ್ಕು ಕ್ವಿಂಟಲ್ ಕಟ್ಟಿಗೆ ಬೇಕು. ವಿಜಯಪುರವೋ ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದು. ಹೊಲದ ಬದುವಿನ ಬೇವು, ಜಾಲಿ ಬಿಟ್ಟರೆ ಕಟ್ಟಿಗೆ ಎಂದರೆ ಕೊಂಡು ತರುವ ಸರಕು. ಹೂಳಲು ಬೇಕಾದದ್ದು ಒಂದಿಷ್ಟು ನೆಲ, ನಾಲ್ಕು ಜನರ ರಟ್ಟೆ.

ಮಣ್ಣಿನ ದಿನ

ಲಿಂಗಾಯತರಲ್ಲಿ ತೀರಿಕೊಂಡವರನ್ನು ಮೀಯಿಸಿ, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತಾರೆ. ಕೂತ ಭಂಗಿಯಲ್ಲೇ ವಿಮಾನವೆಂಬ ಅಲಂಕರಿಸಿದ ಚಟ್ಟದಲ್ಲಿ ಒಯ್ಯುತ್ತಾರೆ, ಕೂತ ಭಂಗಿಯಲ್ಲೇ ಕುಣಿಗಿಳಿಸುತ್ತಾರೆ. ಇಷ್ಟಲಿಂಗ ಎಡಗೈಯಲ್ಲಿ, ಸುತ್ತ ಬಿಲ್ವಪತ್ರೆ, ವಿಭೂತಿ. ಮಠಪತಿ ಅಥವಾ ಊರಿನ ಜಂಗಮರು ವಿಧಿ ನಡೆಸುತ್ತಾರೆ. ಶರಣಧರ್ಮ ಪಂಚಸೂತಕಗಳನ್ನು ಒಪ್ಪುವುದಿಲ್ಲ, ಸಾವಿನ ಸೂತಕವೂ ಅದರಲ್ಲಿ ಸೇರಿದೆ. ಬಸವಣ್ಣನವರ ಹುಟ್ಟೂರು ಬಾಗೇವಾಡಿ. ನೀಲಾಂಬಿಕೆ ಐಕ್ಯರಾದರೆನ್ನುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾತೀರದಲ್ಲಿದೆ. ಸಾವನ್ನು ಲಿಂಗದೊಡನೆ ಒಂದಾಗುವುದೆಂದು ಬಗೆದ ಈ ದೃಷ್ಟಿಯಲ್ಲಿ ಪಿಂಡ, ತರ್ಪಣ, ಪ್ರೇತಶಾಂತಿಯ ಖರ್ಚಿಗೆ ಆಸ್ಪದವೇ ಇಲ್ಲ. ತತ್ತ್ವದ ಪ್ರಕಾರ ಇಷ್ಟು ಅಗ್ಗದ ಅಂತ್ಯಸಂಸ್ಕಾರ ಅಪರೂಪ. ಖರ್ಚು ಬೇರೆ ಬಾಗಿಲಿನಿಂದ ಒಳಗೆ ಬಂತು. ಅದನ್ನು ಮುಂದೆ ನೋಡಬಹುದು.

ಮುಸಲ್ಮಾನರಲ್ಲಿ ಗಂಡಸಿಗೆ ಮೂರು, ಹೆಂಗಸಿಗೆ ಐದು ತುಂಡು ಬಿಳಿಯ ಕಫನ್ ಬಟ್ಟೆ, ಅತ್ತರು, ಕರ್ಪೂರ. ಜನಾಜಾ ಹೊರುವ ಮಂಚ ಮಸೀದಿಯದು. ಸಿರಿವಂತನಿಗೂ ಕೂಲಿಕಾರನಿಗೂ ಅದೇ ಮಂಚ. ಖಬರಸ್ತಾನದ ಕುಣಿಯನ್ನು ಜಮಾತಿನ ಹುಡುಗರೇ ತೋಡುವುದುಂಟು. ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಊಟ ಅನೇಕ ಮನೆಗಳಲ್ಲಿ ನಡೆಯುತ್ತವೆ. ಅವು ಧರ್ಮದ ಕಡ್ಡಾಯವಲ್ಲ ಎಂದು ಹೇಳುವ ಮೌಲಾನಾರೂ ಇದ್ದಾರೆ. ಬ್ರಾಹ್ಮಣರು ಮತ್ತು ಇನ್ನು ಕೆಲವರು ಸುಡುತ್ತಾರೆ. ಹದಿಮೂರು ದಿನದ ಅಪರಕರ್ಮ, ದಾನ, ಪುರೋಹಿತರ ದಕ್ಷಿಣೆ, ಅಸ್ಥಿ ಬಿಡಲು ಕೃಷ್ಣೆಗೋ ಭೀಮೆಗೋ ಪ್ರಯಾಣ ಎಲ್ಲ ಸೇರಿ ಖರ್ಚು ಹಲವು ಕಂತುಗಳಲ್ಲಿ ಹಂಚಿಹೋಗುತ್ತದೆ. ತಾಂಡಾಗಳ ಲಂಬಾಣಿಗರಲ್ಲಿ ಮದುವೆಯಾದವರನ್ನು ಸುಡುವುದು, ಮಕ್ಕಳನ್ನು ಹೂಳುವುದು ಹಳೆಯ ರೂಢಿ.

ಮಣ್ಣಿನ ದಿನದ ನೇರ ಖರ್ಚು ಸಾಮಾನ್ಯವಾಗಿ ದೊಡ್ಡದಲ್ಲ: ಹೊಸ ಅರಿವೆ, ಹೂವು, ಊದುಬತ್ತಿ, ವಿಭೂತಿ, ಹಲಗೆಯವರಿಗೆ, ಭಜನೆಯವರಿಗೆ, ದೂರದಿಂದ ಬಂದವರ ಚಹಾಕ್ಕೆ. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ಬೀಗರು ರೊಟ್ಟಿ, ಅನ್ನ, ಸಾರು ಹೊತ್ತು ತರುತ್ತಾರೆ. ಸತ್ತವಳು ಹೆಣ್ಣುಮಗಳಾದರೆ ಕೊನೆಯ ಸೀರೆ ತವರುಮನೆಯದು. ಅಣ್ಣತಮ್ಮಂದಿರು ಎಷ್ಟೇ ಬಡವರಾಗಿರಲಿ, ಆ ಸೀರೆ ಬರುವವರೆಗೆ ಹೆಣ ಕಾಯುತ್ತದೆ. ಅದರ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಆಯ ಮತ್ತು ಕೂಲಿ

ಹಿಂದೆ ಈ ಕೆಲಸಗಳಿಗೆ ಆ ದಿನ ಹಣ ಕೊಡುವ ರೂಢಿ ಕಡಿಮೆ. ಚಟ್ಟ ಕಟ್ಟುವ ಬಡಿಗ, ಗಡಿಗೆ ಕೊಡುವ ಕುಂಬಾರ, ಕ್ಷೌರ ಮಾಡುವ ಹಡಪದ, ಬಟ್ಟೆ ಒಯ್ಯುವ ಮಡಿವಾಳ, ವಿಧಿ ನಡೆಸುವ ಮಠಪತಿ, ಇವರೆಲ್ಲ ಊರಿನ ಆಯಗಾರರು. ರಾಶಿಯ ಕಾಲದಲ್ಲಿ ಕಣಕ್ಕೆ ಬಂದು ಜೋಳದ ಆಯ ಪಡೆದು ಹೋಗುತ್ತಿದ್ದರು. ವರ್ಷದ ನಡುವೆ ಯಾವ ಮನೆಯಲ್ಲಿ ಸಾವಾದರೂ ಬಂದು ಕೆಲಸ ಮಾಡಿಕೊಡುತ್ತಿದ್ದರು. ಸಾವಿನ ಖರ್ಚನ್ನು ಒಕ್ಕಲು ಮನೆ ಪ್ರತಿ ಸುಗ್ಗಿಗೆ ಸ್ವಲ್ಪ ಸ್ವಲ್ಪವಾಗಿ ಕಾಳಿನಲ್ಲಿ ಮುಂಗಡ ಕಟ್ಟಿರುತ್ತಿತ್ತು ಎಂದೇ ಇದನ್ನು ತಿಳಿಯಬೇಕು. ಬರ ಬಿದ್ದು ಕಣ ಬರಿದಾದರೆ ಈ ಏರ್ಪಾಡೂ ಕುಸಿಯುತ್ತಿತ್ತು. 1876–78ರ ಬರದಲ್ಲಿ ಆಗ ಕಲಾದಗಿ ಎನಿಸಿದ್ದ ಈ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ 1881ರ ಜನಗಣತಿಯ ಸಂಖ್ಯೆ 1872ರದಕ್ಕಿಂತ ಬಹಳ ಕೆಳಗಿಳಿಯಿತು. ಅಂಥ ಕಾಲದಲ್ಲಿ ಹೊರಲು ನಾಲ್ಕು ಹೆಗಲು ಸಿಗುವುದೇ ಕಷ್ಟವಿತ್ತು.

ಈ ಹಳೆಯ ಏರ್ಪಾಡನ್ನು ಹೊಗಳುವ ಮುನ್ನ ಅದರ ಇನ್ನೊಂದು ಮುಖವನ್ನು ಹೇಳಲೇಬೇಕು. ಸಾವಿನ ಸುದ್ದಿಯನ್ನು ಬೀಗರ ಊರುಗಳಿಗೆ ನಡೆದು ಮುಟ್ಟಿಸುವುದು, ಕುಣಿ ತೋಡುವುದು, ಹಲಗೆ ಬಾರಿಸುವುದು ಹೊಲೆಯ, ಮಾದಿಗ ಕೇರಿಗಳ ಪಾಲಿನ ಬಿಟ್ಟಿ. ಅದು ಒಪ್ಪಿ ಮಾಡಿದ ಕೆಲಸವಲ್ಲ, ಹುಟ್ಟಿನಿಂದ ಹೇರಿದ್ದು. ಹೊರಗೆ ಅಷ್ಟು ಕಡಿಮೆ ಖರ್ಚು ಕಾಣುತ್ತಿದ್ದುದಕ್ಕೆ ಅವರ ದುಡಿಮೆಗೆ ಬೆಲೆ ಕಟ್ಟದೆ ಇದ್ದುದೂ ಒಂದು ಕಾರಣ. ವತನು ಮತ್ತು ಗ್ರಾಮಾಧಿಕಾರಗಳನ್ನು ತೆಗೆದುಹಾಕಿದ 1961ರ ಗ್ರಾಮಾಧಿಕಾರ ರದ್ಧತಿ ಕಾಯಿದೆ, ಜೀತವನ್ನು ನಿಷೇಧಿಸಿದ 1976ರ ಕಾಯಿದೆ, ದಲಿತ ಚಳವಳಿ, ವಲಸೆ ಇವೆಲ್ಲ ಸೇರಿ ಆ ಬಿಟ್ಟಿಯನ್ನು ಬಹುಮಟ್ಟಿಗೆ ಮುರಿದವು. ಇಂದು ಹಲಗೆಯವರು ಮೊದಲೇ ದರ ಮಾತಾಡಿ ಬರುತ್ತಾರೆ, ಅದು ಅವರ ಹಕ್ಕು. ಕುಣಿಗೆ ಅನೇಕ ಊರುಗಳಲ್ಲಿ ಜೆಸಿಬಿ ಬರುತ್ತದೆ. ಬೇಸಿಗೆಯಲ್ಲಿ ಬಿರಿದು ಕಲ್ಲಾದ ಎರೆಮಣ್ಣು, ಮಳೆಗಾಲದಲ್ಲಿ ಕಾಲು ಹೂಳುವ ಕೆಸರು, ಎರಡರಲ್ಲೂ ಗುದ್ದಲಿಗಿಂತ ಯಂತ್ರವೇ ಬೇಗ. ಸಾವಿನ ಮನೆಯ ಖರ್ಚು ಹೆಚ್ಚಿತು ಎನ್ನುವಾಗ ಅದರಲ್ಲೊಂದು ಪಾಲು ಹಿಂದೆ ಕೊಡದೆ ಉಳಿಸಿಕೊಂಡ ಕೂಲಿ.

ನೆಲ

ಹೊಲವಿದ್ದವರು ಹೊಲದಲ್ಲೇ ಹೂಳುತ್ತಾರೆ. ಬದುವಿನ ಬೇವಿನ ಕೆಳಗೆ ಅಜ್ಜನ ಗದ್ದುಗೆ, ಪಕ್ಕದಲ್ಲಿ ಅಜ್ಜಿಯದು. ಬಿತ್ತುವಾಗ ಕೂರಿಗೆ ಅದನ್ನು ಸುತ್ತಿ ಹೋಗುತ್ತದೆ. ಹೊಲವಿಲ್ಲದವರಿಗೆ ರುದ್ರಭೂಮಿ ಬೇಕು, ಅದು ಎಲ್ಲ ಊರಲ್ಲಿ, ಎಲ್ಲ ಜಾತಿಗೆ ಇರುವುದಿಲ್ಲ. ಹಳ್ಳದ ದಂಡೆಯಲ್ಲಿ, ರಸ್ತೆಯ ಬದಿಯಲ್ಲಿ ಹೂಳಬೇಕಾದ ಸ್ಥಿತಿ ಬಹಳ ಕಾಲ ನಡೆದಿದೆ. ರುದ್ರಭೂಮಿ ಇದ್ದರೂ ಅಲ್ಲಿಗೆ ಹೋಗುವ ದಾರಿ ಯಾರದೋ ಹೊಲದ ಮೇಲಿದ್ದು, ಬೆಳೆ ನಿಂತಾಗ ಹೆಣ ಹೊತ್ತವರು ಹೊಲದೊಡೆಯನ ಮುಂದೆ ಕೈಮುಗಿದು ನಿಲ್ಲಬೇಕಾಗುವುದುಂಟು. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 71ನೆಯ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಸ್ಮಶಾನಕ್ಕೆ ಕಾದಿರಿಸಬಹುದು. ಸ್ಮಶಾನವಿಲ್ಲದ ಊರುಗಳಿಗೆಲ್ಲ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಆದೇಶ ಸರಿಯಾಗಿ ಪಾಲನೆಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು.

ಆಲಮಟ್ಟಿಯ ಅಣೆಕಟ್ಟು ಈ ಕಥೆಗೆ ಇನ್ನೊಂದು ಪುಟ ಸೇರಿಸಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವೂ ದಂಡೆಯ ಹಲವು ಹಳ್ಳಿಗಳೂ ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆಗೆ, ಮರಕ್ಕೆ, ಬಾವಿಗೆ ಪರಿಹಾರದ ಲೆಕ್ಕವಾಯಿತು. ಹಿರಿಯರ ಗದ್ದುಗೆಗಳು ನೀರಿನಡಿ ಉಳಿದವು. ತಲೆಮಾರುಗಳಿಂದ ಸ್ವಂತ ಹೊಲದಲ್ಲಿ ಹೂಳುತ್ತಿದ್ದ ಮನೆಗಳು ಹೊಸ ಊರಿನಲ್ಲಿ ಸಾರ್ವಜನಿಕ ಸ್ಮಶಾನವನ್ನು ನೆಚ್ಚಬೇಕಾಯಿತು.

ದಿವಸ

ಈ ಸೀಮೆಯಲ್ಲಿ ಅಂತ್ಯಸಂಸ್ಕಾರದ ನಿಜವಾದ ಖರ್ಚು ಹೂಳುವುದರಲ್ಲಿಲ್ಲ, ಉಣಿಸುವುದರಲ್ಲಿದೆ. ಮೂರನೆಯ ದಿನ ಗದ್ದುಗೆಗೆ ಹಾಲು ತುಪ್ಪ ಎರೆದು ಬರುತ್ತಾರೆ, ಇದು ಮನೆಮಂದಿಯ ಕೆಲಸ. ಆಮೇಲೆ ಸಮುದಾಯಕ್ಕೂ ಅನುಕೂಲಕ್ಕೂ ತಕ್ಕಂತೆ ಐದು, ಒಂಬತ್ತು, ಹನ್ನೊಂದು ಅಥವಾ ಹದಿಮೂರನೆಯ ದಿನ ದಿವಸ. ಅಚ್ಚಾದ ಕರೆಯೋಲೆಯಲ್ಲಿ ಅದರ ಹೆಸರು ಶಿವಗಣಾರಾಧನೆ, ಕೈಲಾಸ ಸಮಾರಾಧನೆ ಅಥವಾ ಪುಣ್ಯಸ್ಮರಣೆ. ಓಲೆಯ ಮೇಲೆ ತೀರಿಕೊಂಡವರ ಭಾವಚಿತ್ರ, ಕೆಳಗೆ ‘ದುಃಖತಪ್ತರು’ ಎಂದು ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರು. ಶಾಮಿಯಾನ, ಬಾಡಿಗೆ ಪಾತ್ರೆ, ಅಡುಗೆಯವರು, ಸ್ಪೀಕರು, ಇಡೀ ರಾತ್ರಿ ಭಜನೆ. ಗೋಧಿ ಹುಗ್ಗಿ ಅಥವಾ ಸಜ್ಜಕ, ರೊಟ್ಟಿ, ಪಲ್ಯ, ಅನ್ನ, ಸಾರು. ಜಂಗಮರಿಗೆ ಪಾದಪೂಜೆ, ಕಾಣಿಕೆ. ಬೀಗರಿಗೆ, ಹೆಣ್ಣುಮಕ್ಕಳಿಗೆ ಆಯಾರ. ಸೀರೆ, ಕುಪ್ಪಸ, ಟೊಪ್ಪಿಗೆ, ಟಾವೆಲು.

ಸಂಖ್ಯೆಯೇ ಇಲ್ಲಿಯ ಸಂಗತಿ. ಮಣ್ಣಿಗೆ ಬಂದವರನ್ನೆಲ್ಲ ದಿವಸಕ್ಕೆ ಕರೆಯಬೇಕು. ಕರೆದವರು ಬರುತ್ತಾರೆ, ಬಾರದೆ ಇರುವಂತಿಲ್ಲ. ಮುಪ್ಪಿನಲ್ಲಿ, ಮೊಮ್ಮಕ್ಕಳು ಮರಿಮಕ್ಕಳನ್ನು ಕಂಡು ಹೋದವರ ದಿವಸ ಜಾತ್ರೆಯಂತೆ ಆಗುವುದನ್ನು ಊರು ಬಯಸುತ್ತದೆ. ಅದರಲ್ಲಿ ಪ್ರೀತಿಯೂ ಇದೆ, ತುಂಬಿದ ಬಾಳಿಗೆ ಊರು ಕೊಡುವ ಗೌರವವೂ ಇದೆ. ಎಳೆಯ ಪ್ರಾಯದಲ್ಲಿ, ಸಾಲದ ನಡುವೆ, ದವಾಖಾನೆಯ ಬಿಲ್ಲು ಕಟ್ಟಿ ಸೋತ ಮೇಲೆ ಬಂದ ಸಾವಿಗೂ ಅದೇ ಅಳತೆಯ ಊಟ ಬೇಕು ಎನ್ನುವುದು ಕ್ರೂರ. ಆಸ್ಪತ್ರೆಗೆಂದು ಬಂಗಾರ ಒತ್ತೆ ಇಟ್ಟ ಮನೆ ದಿವಸಕ್ಕೆಂದು ಮತ್ತೆ ಕೈಚಾಚುತ್ತದೆ. ‘ಮಂದಿ ಏನಂದಾರು’ ಎಂಬ ಒಂದು ಮಾತಿಗೆ ಇಲ್ಲಿ ಎಷ್ಟೋ ಎಕರೆ ಜಮೀನು ಕೈಬಿಟ್ಟಿದೆ.

ಹಣದ ದಾರಿ

ಮೊದಲ ಗಂಟೆಗಳ ಹಣ ಕೈಗಡ. ಹತ್ತಿರದವರೊಬ್ಬರು, ಸಾಮಾನ್ಯವಾಗಿ ಭಾವ ಅಥವಾ ಸೋದರಮಾವ, ಜೇಬಿನಿಂದ ತೆಗೆದು ಖರ್ಚು ನಡೆಸುತ್ತಾರೆ. ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಕಿರಾಣಿ ಅಂಗಡಿಯಲ್ಲಿ, ಶಾಮಿಯಾನದವರಲ್ಲಿ ಉದ್ರಿ. ದಿವಸ ಮುಗಿದ ಮೇಲೆ ಅಣ್ಣತಮ್ಮಂದಿರು ಕೂತು ಖರ್ಚನ್ನು ಪಾಲು ಹಾಕುತ್ತಾರೆ. ಮನೆ ಬೇರೆಯಾಗಿದ್ದರೂ ತಂದೆತಾಯಿಯ ದಿವಸ ಒಟ್ಟಿನದು. ಪಾಲಿನ ಮಾತು ಕೆಟ್ಟು ವರ್ಷಗಟ್ಟಲೆ ಮುಖ ನೋಡದವರಿದ್ದಾರೆ. ಎಷ್ಟೋ ವರ್ಷ ಮುಖ ನೋಡದವರು ಆ ಲೆಕ್ಕದ ನೆಪದಲ್ಲಿ ಮತ್ತೆ ಒಂದೇ ಚಾಪೆಯ ಮೇಲೆ ಕೂತದ್ದೂ ಇದೆ.

ಮುಯ್ಯಿ ಇದರ ಬೆನ್ನೆಲುಬು. ಬೀಗರು ತರುವ ಅಕ್ಕಿ, ಗೋಧಿ, ಬೆಲ್ಲ, ಅರಿವೆ ಎಲ್ಲ ಲೆಕ್ಕದಲ್ಲಿರುತ್ತದೆ, ಅವರ ಮನೆಯ ಕಾರ್ಯಕ್ಕೆ ತಿರುಗಿ ಹೋಗುತ್ತದೆ. ಜಪಾನಿನಲ್ಲಿ ಸಾವಿನ ಮನೆಗೆ ಬಂದವರು ಲಕೋಟೆಯಲ್ಲಿಟ್ಟು ಕೊಡುವ ಕೋಡೆನ್ ಹಣ, ಇಥಿಯೋಪಿಯದಲ್ಲಿ ನೆರೆಹೊರೆಯವರು ತಿಂಗಳಿಗಿಷ್ಟೆಂದು ಕೂಡಿಸಿಟ್ಟು ಸಾವಾದಾಗ ಬಳಸುವ ಇದ್ದಿರ್ ಸಂಘ, ಇವೆರಡೂ ಇದೇ ಬೇರಿನವು. ಇದ್ದಿರಿನಲ್ಲಿ ಸಂಘ ಕೊಡಬೇಕಾದದ್ದು ಮೊದಲೇ ಗೊತ್ತಿರುತ್ತದೆ; ಮುಯ್ಯಿಯಲ್ಲಿ ಕೊಟ್ಟವರಿಗಿಂತ ಒಂದು ತೂಕ ಹೆಚ್ಚು ಹಿಂದಿರುಗಿಸಬೇಕೆಂಬ ಬಿಗಿ ಸೇರಿಕೊಳ್ಳುತ್ತದೆ. ಕೆಲವು ಸಹಕಾರಿ ಸಂಘಗಳು ಸದಸ್ಯರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಒಂದು ಸಣ್ಣ ಮೊತ್ತ ಕೊಡುವ ಪದ್ಧತಿ ಇಟ್ಟುಕೊಂಡಿವೆ. ಊರಿನ ಪಿಕೆಪಿಎಸ್‌ಗಳೆಲ್ಲ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳೆಲ್ಲ, ಇದನ್ನು ಮಾಡುವುದು ಕಷ್ಟದ ಕೆಲಸವಲ್ಲ.

ಉಳಿದದ್ದು ಸಾಲ. ಅಡತಿ ಅಂಗಡಿಯ ಸಾಲಕ್ಕೆ ಮುಂದಿನ ತೊಗರಿಯೇ ಒತ್ತೆ. ಖಾಸಗಿ ಬಡ್ಡಿ ಸೇಕಡಾ ಲೆಕ್ಕದಲ್ಲಿ, ತಿಂಗಳಿಗೆ. ಹೆಂಗಸರ ಸ್ವಸಹಾಯ ಸಂಘ, ಭಿಶಿ ಎಂಬ ಚೀಟಿ, ಮೈಕ್ರೋ ಫೈನಾನ್ಸ್ ಈಚಿನ ದಾರಿಗಳು. ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲದ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಸತ್ತವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಹಣವಿದ್ದರೂ ಆ ದಿನ ಕೈಗೆ ಬರುವುದಿಲ್ಲ. ನಾಮಿನಿ ಮರಣ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅದು ಬಿಡುಗಡೆ. ಕಾನೂನು ಮಾತ್ರ ಈ ಖರ್ಚಿಗೆ ಮೊದಲ ಸ್ಥಾನ ಕೊಟ್ಟಿದೆ. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರ 320ನೆಯ ಕಲಂ ಪ್ರಕಾರ ಮೃತರ ಆಸ್ತಿಯಿಂದ ಅಂತ್ಯಕ್ರಿಯೆಯ ಯೋಗ್ಯ ವೆಚ್ಚವನ್ನು ಉಳಿದೆಲ್ಲ ಸಾಲಗಳಿಗಿಂತ ಮೊದಲು ತೀರಿಸಬೇಕು. ಇಸ್ಲಾಮೀ ಉತ್ತರಾಧಿಕಾರದಲ್ಲೂ ಕಫನ್, ದಫನಿನ ಖರ್ಚು ಮೊದಲು, ಸಾಲ ಆಮೇಲೆ, ಪಾಲು ಕೊನೆಗೆ.

ದೂರದ ಸಾವು

ಬಿತ್ತನೆ ಮುಗಿದರೆ, ಮಳೆ ಕೈಕೊಟ್ಟರೆ ಈ ತಾಲ್ಲೂಕುಗಳ ಜನ ಗೋವಾ, ಪುಣೆ, ಮುಂಬಯಿ, ಸಾಂಗ್ಲಿಯ ಕಡೆ ಗುಳೆ ಹೋಗುತ್ತಾರೆ. ಕಟ್ಟಡ ಕೆಲಸ, ಕಬ್ಬು ಕಡಿಯುವ ಕೆಲಸ. ಅಲ್ಲಿ ಸತ್ತವರನ್ನು ಊರಿನ ಮಣ್ಣಿಗೆ ತರಬೇಕೆಂಬುದು ಬಿಡಲಾರದ ಆಸೆ. ನೂರಾರು ಕಿಲೋಮೀಟರ್ ಆಂಬುಲೆನ್ಸ್ ಬಾಡಿಗೆ, ಶವಪೆಟ್ಟಿಗೆ, ಐಸು, ಮರಣೋತ್ತರ ಪರೀಕ್ಷೆಯ ಕಾಗದಗಳು ಸೇರಿದರೆ ಈ ಒಂದು ಖರ್ಚೇ ಉಳಿದೆಲ್ಲವನ್ನು ಮೀರಬಹುದು. 2008ರಲ್ಲಿ ಆರಂಭವಾದ ಆರೋಗ್ಯ ಕವಚದ 108 ಆಂಬುಲೆನ್ಸ್ ರೋಗಿಗಳಿಗಾಗಿ ಇರುವುದು, ಶವ ಸಾಗಿಸಲು ಅಲ್ಲ. ಜೊತೆಯ ಕೂಲಿಕಾರರು ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಪಟ್ಟಿ ಎತ್ತುತ್ತಾರೆ. ತಾಂಡಾಕ್ಕೆ ಫೋನು ಹೋಗುತ್ತದೆ, ಅಲ್ಲಿಯೂ ಪಟ್ಟಿ. ಕೂಲಿಕಾರರನ್ನು ಕರೆದೊಯ್ಯುವ ಕೆಲವು ಮುಕಾದಮರು ಆ ಬಾಡಿಗೆಯನ್ನು ಉಚಲಿನ ಲೆಕ್ಕಕ್ಕೆ, ಅಂದರೆ ಮುಂಗಡ ಸಾಲಕ್ಕೆ ಸೇರಿಸುವುದುಂಟು. ಹಾಗೆ ಸೇರಿಸಿದಲ್ಲಿ ಸತ್ತವನ ಮಗ ಮುಂದಿನ ಹಂಗಾಮಿಗೆ ಅದೇ ಸಾಲ ತೀರಿಸಲು ಅದೇ ಕಬ್ಬಿಗೆ ಹೋಗುತ್ತಾನೆ.

ಸರ್ಕಾರದ ನೆರವು

ಬಿಪಿಎಲ್ ಕುಟುಂಬಗಳಿಗಾಗಿ ರಾಜ್ಯ ಸರ್ಕಾರ 2006ರಲ್ಲಿ ಅಂತ್ಯಸಂಸ್ಕಾರ ಸಹಾಯನಿಧಿ ಯೋಜನೆ ಆರಂಭಿಸಿತು; ಮೊತ್ತ ಮೊದಲು 1,000 ರೂ., ಬಳಿಕ 5,000 ರೂ. ದುಡಿಯುವ ವ್ಯಕ್ತಿ ಸತ್ತಾಗ ಬಡ ಕುಟುಂಬಕ್ಕೆ ಒಂದು ಬಾರಿ ಕೊಡುವ ಕೇಂದ್ರದ ರಾಷ್ಟ್ರೀಯ ಕುಟುಂಬ ನೆರವು ಯೋಜನೆ 1995ರದು. 2012ರಿಂದ ಅದರ ಮೊತ್ತ 20,000 ರೂ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರ ಕುಟುಂಬಕ್ಕೆ ಅಂತ್ಯಕ್ರಿಯೆಗೆಂದು 4,000 ರೂ., ಅದರ ಜೊತೆ ಅನುಗ್ರಹ ರಾಶಿ. ಇಎಸ್‌ಐ ವಿಮೆಯುಳ್ಳ ಕಾರ್ಮಿಕರಿಗೆ 2019ರಿಂದ 15,000 ರೂ. ರೈತ ಆತ್ಮಹತ್ಯೆಯ ಪ್ರಕರಣಗಳಲ್ಲಿ ಪರಿಹಾರ 2015ರಿಂದ 5 ಲಕ್ಷ ರೂ. ಈ ಹಣಕ್ಕೆ ಅರ್ಜಿ ಬೇಕು, ಕಾಗದ ಬೇಕು, ಮಂಜೂರಾತಿ ಬೇಕು. ಕೈಗೆ ಬರುವ ಹೊತ್ತಿಗೆ ಗದ್ದುಗೆಯ ಮಣ್ಣು ಒಣಗಿರುತ್ತದೆ. ಅಂತ್ಯಸಂಸ್ಕಾರದ ನೆರವು ಸಾವಿನ ದಿನವೇ ಪಂಚಾಯಿತಿಯಲ್ಲಿ ಕೈಗೆ ಸಿಗದಿದ್ದರೆ ಅದು ಸಾಲವನ್ನು ತಪ್ಪಿಸದು, ಸಾಲದ ಒಂದು ಕಂತನ್ನು ತೀರಿಸಬಲ್ಲುದು ಅಷ್ಟೆ.

ಎಷ್ಟೋ ಮನೆಗಳಿಗೆ ತಿಳಿಯದ ಒಂದು ಸಂಗತಿ ಪಾಸ್‌ಬುಕ್ಕಿನಲ್ಲಿರುತ್ತದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಗೆ ಖಾತೆಯಿಂದ ವರ್ಷಕ್ಕೆ 436 ರೂ., ಅಪಘಾತದ ಸುರಕ್ಷಾ ವಿಮೆಗೆ 20 ರೂ. ಕಡಿತವಾಗಿದ್ದರೆ 2 ಲಕ್ಷ ರೂ. ಕೇಳುವ ಹಕ್ಕು ಕುಟುಂಬಕ್ಕಿದೆ. ತೀರಿಕೊಂಡವರ ಪಾಸ್‌ಬುಕ್ಕನ್ನು ಗಂಟು ಕಟ್ಟಿ ಮೂಲೆಗಿಡುವ ಮುನ್ನ ಓದು ಬಲ್ಲವರೊಬ್ಬರು ಅದರ ಸಾಲುಗಳನ್ನು ನೋಡಬೇಕು. ಇವೆಲ್ಲಕ್ಕೂ ಬೇಕಾದ ಮೊದಲ ಕಾಗದ ಮರಣ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ದಿವಸದ ಓಡಾಟದಲ್ಲೇ ಆ ದಿನಗಳು ಕಳೆದುಹೋಗುತ್ತವೆ. ಆಮೇಲೆ ದಂಡ, ಅಫಿಡವಿಟ್ಟು, ಕಚೇರಿಯ ಅಲೆದಾಟ. ಆ ಪತ್ರ ಸಿಗುವವರೆಗೆ ಜಮೀನಿನ ವಾರಸಾ ಆಗುವುದಿಲ್ಲ, ವಿಧವಾ ವೇತನ ಸಿಗುವುದಿಲ್ಲ.

ಸರಳತೆಯ ಮಾತು

ಸಾವಿನ ಊಟವನ್ನು ಕಾನೂನಿನಿಂದ ತಡೆಯಲು ರಾಜಸ್ಥಾನ 1960ರಲ್ಲೇ ಮೃತ್ಯುಭೋಜ ನಿಷೇಧ ಕಾಯಿದೆ ಮಾಡಿತು. ವಿಜಯಪುರದ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಒಬ್ಬ ಸಂತರು ತಮ್ಮ ಸಾವಿನಿಂದಲೇ ಹೇಳಿ ಹೋದರು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಪತ್ರದಲ್ಲಿ ತಮ್ಮ ದೇಹವನ್ನು ಹೂಳದೆ ಸುಡಬೇಕು, ಶ್ರಾದ್ಧದ ವಿಧಿಗಳು ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ತಿಳಿಸಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡರು. ಗದ್ದುಗೆ ಕಟ್ಟಿ ಪೂಜಿಸಲು ಲಕ್ಷಾಂತರ ಭಕ್ತರು ಸಿದ್ಧರಿದ್ದರೂ ಮರುದಿನ ಪತ್ರದಂತೆಯೇ ನಡೆಯಿತು. ಈ ಹಳ್ಳಿಗಳಲ್ಲಿ ಅವರ ಪ್ರವಚನ ಕೇಳದವರು ವಿರಳ. ಆ ಪತ್ರವನ್ನು ಕರೆಯೋಲೆಯ ಅಳತೆಗೆ ಇಳಿಸಿಕೊಂಡ ಮನೆಗಳೂ ಈಗ ಅಲ್ಲಲ್ಲಿ ಸಿಗುತ್ತವೆ. ಐದನೆಯ ದಿನಕ್ಕೇ ಮುಗಿಸುವವರು, ಆಯಾರ ಬೇಡವೆಂದು ಓಲೆಯಲ್ಲೇ ಬರೆಯುವವರು, ಊಟದ ಹಣವನ್ನು ಊರಿನ ಶಾಲೆಗೆ ಕೊಡುವವರು. ವಿಜಯಪುರದ ವೈದ್ಯಕೀಯ ಕಾಲೇಜಿಗೆ ದೇಹದಾನ ಮಾಡುವುದೂ ಒಂದು ದಾರಿ.

ಆದರೂ ದಿವಸದ ಅಳತೆಯನ್ನು ನಿರ್ಧರಿಸುವವರು ಅಂಗಳದಲ್ಲಿ ಕೂತ ಗಂಡಸರು, ಭಾವಬಂದರು. ಒಳಗೆ ಕೂತ ಹೆಂಡತಿಯನ್ನು ಕೇಳುವುದು ಕಡಿಮೆ. ಖರ್ಚಿನ ದೊಡ್ಡ ಪಾಲು ಕೊನೆಗೆ ಅವಳ ಹೆಸರಿನ ಸಂಘದ ಸಾಲವಾಗಿ ಉಳಿಯುತ್ತದೆ. ವಾರವಾರ ಕಂತು, ಮುಂಜಾನೆ ಕಳೆ ಕೀಳುವ ಕೂಲಿಯಿಂದ. ದಿವಸವಾದ ವಾರ ಅವಳು ಸಭೆಗೆ ಹೋಗಲಾರಳು. ಸಂಘದ ಉಳಿದ ಹೆಂಗಸರು ತಮ್ಮ ತಮ್ಮ ಸೆರಗಿನ ಗಂಟು ಬಿಚ್ಚಿ ಅವಳ ಕಂತನ್ನು ಕೂಡಿಸಿ ಕಟ್ಟುತ್ತಾರೆ, ಪುಸ್ತಕವನ್ನು ಸಂಜೆ ಅವಳ ಮನೆಗೆ ಮುಟ್ಟಿಸುತ್ತಾರೆ.